ಗೇಣಗಲದಲ್ಲಿ ಒಂದು ಜೀವ



ಇವತ್ತಿನ ನನ್ನ ಮಾತು ಮೊಟ್ಟೆಯಿಡುವ ಹೇಟೆಯ ಬಗ್ಗೆ. ಅಂಗಡಿಯ ಮುಂದೆ ಟ್ರೇಗಳಲ್ಲಿ ಪೇರಿಸಿಟ್ಟ ಬಿಳಿ ಮೊಟ್ಟೆ ನಮಗೆಲ್ಲ ಗೊತ್ತು. ಅದರ ಇವತ್ತಿನ ರೇಟು ಎಷ್ಟು ಎಂಬುದೂ ಗೊತ್ತು. ಅದನ್ನು ಇಟ್ಟ ಹಕ್ಕಿ ಎಲ್ಲಿ, ಹೇಗೆ ಬದುಕುತ್ತದೆ ಎಂಬುದು ಮಾತ್ರ ನಮ್ಮಲ್ಲಿ ಬಹಳ ಮಂದಿಗೆ ತಿಳಿಯದು.

ಮೊಟ್ಟೆ ತಿನ್ನುವವರೂ ಕೇಳಿ, ತಿನ್ನದವರೂ ಕೇಳಿ. ತಿನ್ನಬೇಕೆ, ಬಿಡಬೇಕೆ ಎಂಬ ವಾದವನ್ನು ನಾನು ಇಲ್ಲಿ ಎತ್ತುವುದಿಲ್ಲ. ನನ್ನ ಪ್ರಶ್ನೆ ಒಂದೇ. ನಮ್ಮ ಅನ್ನಕ್ಕಾಗಿ ದುಡಿಯುವ ಒಂದು ಜೀವಕ್ಕೆ ನಾವು ಕನಿಷ್ಠ ಏನನ್ನು ಕೊಡಬೇಕು?

ಮೊದಲು ಕೋಳಿಗೆ ಏನು ಬೇಕು ಎಂಬುದನ್ನು ನೋಡೋಣ.

ಹಳ್ಳಿಯಲ್ಲಿ ನಾಟಿ ಕೋಳಿ ಸಾಕಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಬೆಳಗ್ಗೆ ಮಂಕರಿ ಎತ್ತಿದರೆ ಸಾಕು, ಕೋಳಿ ನೇರ ತಿಪ್ಪೆಗೆ ಓಡುತ್ತದೆ. ಎರಡೂ ಕಾಲಲ್ಲಿ ಕೆದರುತ್ತದೆ. ಹುಳ, ಕಾಳು, ಎಳೆಹುಲ್ಲು ಹೆಕ್ಕುತ್ತದೆ. ಬಿಸಿಲೇರಿದಾಗ ಒಣಮಣ್ಣಿನಲ್ಲಿ ಗುಳಿ ಮಾಡಿಕೊಂಡು ಹೊರಳಾಡುತ್ತದೆ. ಮೈಯ ಹೇನು, ಉಣ್ಣೆ ಕಳೆದುಕೊಳ್ಳಲು ಅದಕ್ಕೆ ತಿಳಿದ ಸ್ನಾನ ಅದೇ. ಸಂಜೆಯಾದರೆ ಎತ್ತರದ ಜಾಗ ಹುಡುಕಿ ಹಾರಿ ಕೂರುತ್ತದೆ.

ಇವೆಲ್ಲಕ್ಕಿಂತ ಬಲವಾದದ್ದು ಇನ್ನೊಂದಿದೆ. ಮೊಟ್ಟೆಯಿಡುವ ಹೊತ್ತು ಹತ್ತಿರವಾದಾಗ ಹೇಟೆಗೆ ಮರೆ ಬೇಕು. ಅದು ಗೊಣಗುತ್ತಾ ಮೂಲೆ ಮೂಲೆ ಹುಡುಕುತ್ತದೆ. ಬಣವೆಯ ಬುಡ, ಅಟ್ಟದ ಸಂದು, ಹುಲ್ಲು ಹಾಸಿದ ಬುಟ್ಟಿ, ಎಲ್ಲಾದರೂ ಸರಿ. ಯಾರ ಕಣ್ಣಿಗೂ ಬೀಳದ ಒಂದು ತಾವು ಅದಕ್ಕೆ ಬೇಕೇ ಬೇಕು. ವಿಜ್ಞಾನಿಗಳು ಇದನ್ನು ಪರೀಕ್ಷಿಸಿ ನೋಡಿದ್ದಾರೆ. ಗೂಡಿಗೆ ಹೋಗುವ ದಾರಿಯಲ್ಲಿ ಭಾರದ ಬಾಗಿಲು ಇಟ್ಟರು. ಹಸಿದ ಕೋಳಿ ಮೇವಿಗಾಗಿ ಎಷ್ಟು ಬಲ ಹಾಕಿ ತಳ್ಳುತ್ತದೋ, ಮೊಟ್ಟೆಯಿಡಲು ಹೊರಟ ಕೋಳಿ ಗೂಡಿಗಾಗಿ ಅಷ್ಟೇ ಬಲವಾಗಿ ತಳ್ಳಿತು. ಹಸಿವು ಎಷ್ಟು ನಿಜವೋ ಮರೆಯ ಬಯಕೆಯೂ ಅಷ್ಟೇ ನಿಜ.

ಹಳ್ಳಿಯ ಕೋಳಿಯ ಬಾಳು ಸುಖದ್ದೇ ಎಂದು ನಾನು ಹೇಳಲಾರೆ. ಮರಿಗಳಿಗೆ ಹದ್ದಿನ ಕಾಟ, ಮುಂಗುಸಿಯ ಕಾಟ. ಕೊಕ್ಕರೆ ರೋಗ ಬಂದರೆ ಕೇರಿಯ ಕೋಳಿಗಳೆಲ್ಲ ಒಂದೇ ವಾರದಲ್ಲಿ ಹೋಗಿಬಿಡುತ್ತವೆ. ಆದರೆ ಬದುಕಿರುವಷ್ಟು ದಿನ ಅದು ಕೋಳಿಯಾಗಿ ಬದುಕುತ್ತದೆ.

ಕೆದರುವುದು, ಮಣ್ಣಲ್ಲಿ ಹೊರಳುವುದು, ಎತ್ತರದಲ್ಲಿ ಕೂರುವುದು, ಮರೆಯಲ್ಲಿ ಮೊಟ್ಟೆಯಿಡುವುದು. ಕೋಳಿಗೆ ಬೇಕಾದ ಈ ನಾಲ್ಕನ್ನು ನೆನಪಿಟ್ಟುಕೊಳ್ಳಿ. ಈಗ ದೊಡ್ಡ ಫಾರಮ್ಮಿನ ಒಳಗೆ ಹೋಗೋಣ.

ಕಂಬಗಳ ಮೇಲೆ ಎತ್ತರಿಸಿ ಕಟ್ಟಿದ ಉದ್ದನೆಯ ಶೆಡ್ಡು. ಗೋಡೆಯ ಜಾಗದಲ್ಲಿ ಜಾಲರಿ. ಒಳಗೆ ತಂತಿಯ ಪಂಜರಗಳ ಸಾಲು. ಒಂದರ ಮೇಲೊಂದು ಮೂರು ನಾಲ್ಕು ಅಂತಸ್ತು. ಇವಕ್ಕೆ ಬ್ಯಾಟರಿ ಪಂಜರ ಎನ್ನುತ್ತಾರೆ. ಒಂದೊಂದರಲ್ಲೂ ಕೆಲವು ಕೋಳಿಗಳು. ನೆಲವೂ ತಂತಿಯದೇ. ಮೊಟ್ಟೆ ಉರುಳಿ ಮುಂದಿನ ತೊಟ್ಟಿಗೆ ಬರಲೆಂದು ಆ ನೆಲವನ್ನು ಇಳಿಜಾರು ಮಾಡಿರುತ್ತಾರೆ. ಮುಂದೆ ಮೇವಿನ ದೋಣಿ, ನೀರಿನ ನಳಿಕೆ. ಕೆಳಗೆ ಹಿಕ್ಕೆಯ ರಾಶಿ. ಒಳಗೆ ಕಾಲಿಟ್ಟರೆ ಅಮೋನಿಯಾದ ಘಾಟು ಕಣ್ಣಿಗೆ ಹೊಡೆಯುತ್ತದೆ. ಸಾವಿರಾರು ಗಂಟಲುಗಳ ಸದ್ದು ಒಂದೇ ಹುಯಿಲಾಗಿ ಕೇಳುತ್ತದೆ.

ಈಗ ನಿಮ್ಮ ಬಲಗೈ ಚಾಚಿ. ಹೆಬ್ಬೆರಳಿನಿಂದ ಕಿರುಬೆರಳಿನ ತುದಿಯವರೆಗೆ ಒಂದು ಗೇಣು. ಒಂದು ಗೇಣು ಉದ್ದ, ಒಂದು ಗೇಣು ಅಗಲ. ನಮ್ಮ ದೇಶದ ಪಂಜರಗಳಲ್ಲಿ ಒಂದು ಕೋಳಿಯ ಪಾಲಿಗೆ ಬರುವ ನೆಲ ಹೆಚ್ಚುಕಡಿಮೆ ಅಷ್ಟೇ. ಲೆಕ್ಕದಲ್ಲಿ ಹೇಳಿದರೆ 400ರಿಂದ 450 ಚದರ ಸೆಂಟಿಮೀಟರ್. ಕೋಳಿ ಒಮ್ಮೆ ರೆಕ್ಕೆ ಬಡಿಯಬೇಕಾದರೆ ಇದರ ಮೂರು ನಾಲ್ಕು ಪಟ್ಟು ಜಾಗ ಬೇಕು. ಆ ಜಾಗ ಅದಕ್ಕೆ ಬದುಕಿನುದ್ದಕ್ಕೂ ಸಿಗುವುದಿಲ್ಲ.

ಕೆದರಲು ಮಣ್ಣಿಲ್ಲ. ಹೊರಳಲು ಧೂಳಿಲ್ಲ. ಕೂರಲು ಕೋಲಿಲ್ಲ. ಮೊಟ್ಟೆಯಿಡಲು ಮರೆಯಿಲ್ಲ. ಕೋಳಿಯ ನಾಲ್ಕು ಬಯಕೆಗಳಲ್ಲಿ ಒಂದೂ ಇಲ್ಲಿ ತೀರುವುದಿಲ್ಲ. ಇಕ್ಕಟ್ಟಿನಲ್ಲಿ ಒಂದನ್ನೊಂದು ಕುಕ್ಕುತ್ತವೆ. ಅದನ್ನು ತಡೆಯಲು ಮರಿಯಾಗಿರುವಾಗಲೇ ಕೊಕ್ಕಿನ ತುದಿ ಕತ್ತರಿಸುತ್ತಾರೆ. ಆ ತುದಿಯಲ್ಲಿ ನರಗಳಿವೆ. ನೋವಾಗುತ್ತದೆ.

ಇನ್ನು ದುಡಿಮೆಯ ಲೆಕ್ಕ. ಎಲ್ಲ ಕೋಳಿಗಳ ಮೂಲವಾದ ಕಾಡುಕೋಳಿ ವರ್ಷಕ್ಕೆ ಹತ್ತು ಹದಿನೈದು ಮೊಟ್ಟೆ ಇಡುತ್ತದೆ. ನಮ್ಮ ನಾಟಿ ಕೋಳಿ 60ರಿಂದ 80 ಇಡುತ್ತದೆ. ಫಾರಂ ಕೋಳಿ 300ಕ್ಕೂ ಮೇಲೆ ಇಡುತ್ತದೆ. ಒಂದು ಮೊಟ್ಟೆಯ ಚಿಪ್ಪಿಗೆ ಸುಮಾರು ಎರಡು ಗ್ರಾಂ ಕ್ಯಾಲ್ಸಿಯಂ ಬೇಕು. ವರ್ಷಕ್ಕೆ 600 ಗ್ರಾಂ. ಅದರ ಎಲುಬುಗಳಲ್ಲಿರುವ ಒಟ್ಟು ಕ್ಯಾಲ್ಸಿಯಂನ ಎಷ್ಟೋ ಪಟ್ಟು. ಮೇವಿನಿಂದ ಬಂದದ್ದು ಸಾಲದಾದಾಗ ಮೈ ತನ್ನ ಎಲುಬಿನಿಂದಲೇ ಕೊಡುತ್ತದೆ. ನಡೆದಾಡದ ಎಲುಬು ಮೊದಲೇ ಬಡಕಲು. ಅದು ಇನ್ನೂ ಬಡವಾಗಿ ಮುರಿಯುತ್ತದೆ. ಸುಮಾರು ಒಂದೂವರೆ ವರ್ಷ ವಯಸ್ಸಿಗೆ ಮೊಟ್ಟೆ ಇಳಿಮುಖವಾಗುತ್ತದೆ. ಆಗ ಕೋಳಿಯನ್ನು ಮಾಂಸಕ್ಕೆ ಅಗ್ಗದಲ್ಲಿ ಮಾರುತ್ತಾರೆ.

ಹುಟ್ಟಿದ ದಿನವೇ ಸಾಯುವ ಮರಿಗಳೂ ಇವೆ. ಮೊಟ್ಟೆಯ ತಳಿಯಲ್ಲಿ ಗಂಡುಮರಿಯಿಂದ ಲಾಭವಿಲ್ಲ. ಅದು ಮೊಟ್ಟೆಯಿಡದು, ಮಾಂಸದ ತಳಿಯಂತೆ ಬೇಗ ಬೆಳೆಯದು. ಹ್ಯಾಚರಿಯಲ್ಲಿ ಮರಿಗಳನ್ನು ವಿಂಗಡಿಸಿ ಗಂಡನ್ನು ಅಂದೇ ಕೊಲ್ಲುತ್ತಾರೆ. ಲೋಕದಲ್ಲಿ ಇಂಥ ಮರಿಗಳ ಸಂಖ್ಯೆ ವರ್ಷಕ್ಕೆ ನೂರಾರು ಕೋಟಿ.

ಇಲ್ಲಿಯವರೆಗೆ ಕೋಳಿಗೆ ಬೇಕಾದದ್ದನ್ನು ನೋಡಿದೆವು, ಪಂಜರದಲ್ಲಿ ಸಿಗುವುದನ್ನು ನೋಡಿದೆವು. ಹಾಗಾದರೆ ಈ ಏರ್ಪಾಟು ಹೇಗೆ ಬಂತು? ಕೆಟ್ಟ ಮನಸ್ಸಿನವರು ಯಾರೋ ಕೂತು ಮಾಡಿದ್ದೇ? ಅಲ್ಲ. ಇದನ್ನು ನ್ಯಾಯವಾಗಿ ಹೇಳಬೇಕು.

ಪಂಜರ ಬಂದದ್ದಕ್ಕೆ ಕಾರಣಗಳಿದ್ದವು. ಹಿಕ್ಕೆ ಕೆಳಗೆ ಬೀಳುತ್ತದೆ, ಮೊಟ್ಟೆ ಚೊಕ್ಕವಾಗಿರುತ್ತದೆ. ಹೊಟ್ಟೆಹುಳುವಿನ ರೋಗ ಕಡಿಮೆ. ಕಡಿಮೆ ಆಳು ಹೆಚ್ಚು ಕೋಳಿ ನೋಡಿಕೊಳ್ಳಬಹುದು. ನಮ್ಮ ದೇಶದಲ್ಲಿ 1970ರ ದಶಕದಿಂದ ಈ ಉದ್ಯಮ ಬೆಳೆಯಿತು. ಆಗ ಮೊಟ್ಟೆಯ ಬೆಲೆಯನ್ನು ಹೇಳುತ್ತಿದ್ದವರು ದಲ್ಲಾಳಿಗಳು. ಸಾಕುವವರು ನಷ್ಟಕ್ಕೆ ಬೀಳುತ್ತಿದ್ದರು. ಬಿ. ವಿ. ರಾವ್ ಅವರ ಮುಂದಾಳತ್ವದಲ್ಲಿ ರೈತರೇ ಸೇರಿ 1982ರಲ್ಲಿ ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿಯನ್ನು ಕಟ್ಟಿದರು. ಬೆಲೆ ಹೇಳುವ ಬಲ ಸಾಕುವವರ ಕೈಗೆ ಬಂತು. ಇವತ್ತು ದೇಶದಲ್ಲಿ ವರ್ಷಕ್ಕೆ 14,000 ಕೋಟಿಗೂ ಹೆಚ್ಚು ಮೊಟ್ಟೆ. ತಲೆಗೆ ನೂರರಷ್ಟು. ದಾವಣಗೆರೆ, ಹಾವೇರಿಯ ಮೆಕ್ಕೆಜೋಳ ಕೋಳಿಯ ಮೇವಾಗಿ ಹೋಗುತ್ತದೆ. ಎಷ್ಟೋ ಸಂಸಾರಗಳು ಇದರ ಮೇಲೆ ನಿಂತಿವೆ.

ಮಕ್ಕಳ ಮಾತನ್ನೂ ಮರೆಯಬಾರದು. 2021ರ ಕೊನೆಗೆ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಬಿಸಿಯೂಟದೊಂದಿಗೆ ಮೊಟ್ಟೆ ಕೊಡಲು ಶುರುಮಾಡಿದರು. ಮರುವರ್ಷ ಅದು ರಾಜ್ಯಕ್ಕೆಲ್ಲ ಹರಡಿತು. 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವೂ ಸೇರಿ ವಾರಕ್ಕೆ ಆರು ದಿನ ಕೊಡುವ ಯೋಜನೆ ಬಂತು. ಬೇಡವೆನ್ನುವ ಮಕ್ಕಳಿಗೆ ಬಾಳೆಹಣ್ಣು. ಫಲ ಪಡೆಯುವ ಮಕ್ಕಳು ಸುಮಾರು 50 ಲಕ್ಷ. ಬಡವರ ಮನೆಯ ಮಗುವಿಗೆ ಅಷ್ಟು ಒಳ್ಳೆಯ ಪ್ರೋಟೀನನ್ನು ಅಷ್ಟು ಕಡಿಮೆ ಬೆಲೆಗೆ ಕೊಡುವ ಪದಾರ್ಥ ಬೇರೆ ಹೆಚ್ಚಿಲ್ಲ. ಆ ಮೊಟ್ಟೆಯನ್ನು ಮಗುವಿನ ತಟ್ಟೆಯಿಂದ ಕಿತ್ತುಕೊಳ್ಳುವ ಯಾವ ಮಾತನ್ನೂ ನಾನು ಆಡುವುದಿಲ್ಲ. ಆಡುವವರ ಜೊತೆಗೂ ನಾನಿಲ್ಲ.

ಹಾಗಾದರೆ ಸ್ಥಿತಿ ಹೀಗಿದೆ. ಒಂದು ಕಡೆ ಹಸಿದ ಮಗು ಮತ್ತು ದುಡಿಯುವ ರೈತ. ಇನ್ನೊಂದು ಕಡೆ ಗೇಣಗಲದಲ್ಲಿ ನಿಂತ ಹಕ್ಕಿ. ಹಿಂಸೆ ಆಗುತ್ತಿರುವುದು ನಿಜ. ಹಿಂಸೆ ಮಾಡಬೇಕೆಂದು ಯಾರೂ ಬಯಸಿಲ್ಲ ಎಂಬುದೂ ನಿಜ.

ಇಲ್ಲಿ ನನಗೆ ಜನ್ನ ನೆನಪಾಗುತ್ತಾನೆ. ಹೊಯ್ಸಳ ವೀರಬಲ್ಲಾಳನ ಕಾಲದ ಆ ಕವಿ 1209ರಲ್ಲಿ ‘ಯಶೋಧರ ಚರಿತೆ’ ಬರೆದ. ಕಥೆ ನಿಮ್ಮಲ್ಲಿ ಹಲವರಿಗೆ ಗೊತ್ತು. ಪ್ರಾಣಿಬಲಿ ಕೊಡು ಎಂದು ಅರಸ ಯಶೋಧರನಿಗೆ ತಾಯಿ ಚಂದ್ರಮತಿ ಹೇಳುತ್ತಾಳೆ. ಅವನು ಒಪ್ಪುವುದಿಲ್ಲ, ಅವಳು ಬಿಡುವುದಿಲ್ಲ. ಕೊನೆಗೆ ನಡುದಾರಿಯೊಂದನ್ನು ಹುಡುಕುತ್ತಾರೆ. ಜೀವವಿರುವ ಕೋಳಿ ಬೇಡ, ಹಿಟ್ಟಿನ ಕೋಳಿ ಮಾಡಿ ಬಲಿ ಕೊಡೋಣ. ಕೊಟ್ಟರು. ಆ ಒಂದು ಸಂಕಲ್ಪ ಹಿಂಸೆಗೆ ತಾಯಿ ಮಗ ಇಬ್ಬರೂ ಪ್ರಾಣಿಗಳಾಗಿ ಮತ್ತೆ ಮತ್ತೆ ಹುಟ್ಟಿ, ಮತ್ತೆ ಮತ್ತೆ ಕೊಲೆಯಾಗಿ ನೋವುಣ್ಣುತ್ತಾರೆ. ಕೋಳಿಗಳಾಗಿಯೂ ಹುಟ್ಟುತ್ತಾರೆ.

ಅಲ್ಲಿ ಸತ್ತದ್ದು ಹಿಟ್ಟು. ಕೊಲ್ಲುವ ಸಂಕಲ್ಪ ಮಾತ್ರ ಇತ್ತು. ನಮ್ಮ ಕಾಲದಲ್ಲಿ ಇದು ತಿರುಗುಮುರುಗಾಗಿದೆ. ಕೋಟಿ ಕೋಟಿ ಜೀವಂತ ಕೋಳಿಗಳಿವೆ. ಸಂಕಲ್ಪ ಯಾರಲ್ಲೂ ಇಲ್ಲ. ರೈತ ಬ್ಯಾಂಕಿನ ಸಾಲ ನೋಡುತ್ತಾನೆ. ವ್ಯಾಪಾರಿ ರೇಟು ನೋಡುತ್ತಾನೆ. ಗಿರಾಕಿ ಜೇಬು ನೋಡುತ್ತಾನೆ. ಎಲ್ಲರ ಕೈಯೂ ಶುದ್ಧ ಎನ್ನಿಸುತ್ತದೆ. ನೋವು ಮಾತ್ರ ಉಳಿದಿರುತ್ತದೆ. ಜನ್ನ ಸಂಕಲ್ಪವನ್ನೇ ತಪ್ಪೆಂದ. ಸಂಕಲ್ಪವಿಲ್ಲ ಎಂಬ ಕಾರಣಕ್ಕೆ ನಾವು ನೋವನ್ನೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿಲ್ಲ. ಈ ಕಾಲದ ಹಿಂಸೆಯ ಸ್ವಭಾವ ಇದು. ಒಬ್ಬರೂ ಬಯಸದೆ ನಡೆಯುವ ಇದನ್ನು ಒಬ್ಬರ ಒಳ್ಳೆಯತನ ನಿಲ್ಲಿಸಲಾರದು. ಎಲ್ಲರಿಗೂ ಒಂದೇ ಆದ ನಿಯಮ ಬೇಕು.

ನಿಯಮ ಎಂದೆ. ಹಾಗಾದರೆ ನಮ್ಮ ಕಾನೂನು ಏನು ಹೇಳುತ್ತದೆ?

ನೃತ್ಯ ಕಲಾವಿದೆ ರುಕ್ಮಿಣಿದೇವಿ ಅರುಂಡೇಲ್ ರಾಜ್ಯಸಭೆಯ ಸದಸ್ಯೆಯಾಗಿದ್ದಾಗ ಪ್ರಾಣಿಗಳ ಪರವಾಗಿ ಒಂದು ಖಾಸಗಿ ಮಸೂದೆ ತಂದರು. ಅದರ ಫಲವಾಗಿ 1960ರಲ್ಲಿ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ ಬಂತು. ಅದರ 11ನೇ ಸೆಕ್ಷನ್ನಿನಲ್ಲಿ ಸ್ಪಷ್ಟವಾದ ಮಾತಿದೆ. ಪ್ರಾಣಿಗೆ ಸಾಕಷ್ಟು ಅಲುಗಾಡಲು ಆಸ್ಪದವಿಲ್ಲದ ಪಂಜರದಲ್ಲಿ ಅದನ್ನು ಇಡುವುದು ಅಪರಾಧ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ ಬ್ಯಾಟರಿ ಪಂಜರ ಈ ಮಾತಿಗೆ ವಿರುದ್ಧ ಎಂದು ರಾಜ್ಯಗಳಿಗೆ ತಿಳಿಸಿತು. 2017ರ ಹೊತ್ತಿಗೆ ಹಂತಹಂತವಾಗಿ ತೆಗೆಯಬೇಕು ಎಂದೂ ಹೇಳಿತು. ಅದೇ 2017ರಲ್ಲಿ ಕಾನೂನು ಆಯೋಗ ತನ್ನ 269ನೇ ವರದಿಯನ್ನು ಮೊಟ್ಟೆಯ ಕೋಳಿ ಮತ್ತು ಮಾಂಸದ ಕೋಳಿಗಳ ಬಗ್ಗೆಯೇ ಬರೆಯಿತು. ಕರಡು ನಿಯಮಗಳನ್ನೂ ಕೊಟ್ಟಿತು. ಆದರೂ ಪಂಜರಗಳು ಉಳಿದವು.

ಕಾರಣ ದೂರ ಹುಡುಕಬೇಕಿಲ್ಲ. 1960ರ ಆ ಸೆಕ್ಷನ್ನಿನಲ್ಲಿ ಮೊದಲ ಅಪರಾಧಕ್ಕೆ ದಂಡ ಹತ್ತು ರೂಪಾಯಿಯಿಂದ ಐವತ್ತು ರೂಪಾಯಿ. ಅರವತ್ತು ವರ್ಷಗಳ ಹಿಂದೆ ಅದು ದುಡ್ಡು. ಇವತ್ತು ಐವತ್ತು ರೂಪಾಯಿಗೆ ಒಂದು ಡಜನ್ ಮೊಟ್ಟೆಯೂ ಬರುವುದಿಲ್ಲ.

ಕೋಳಿಯ ಬಯಕೆ, ಪಂಜರದ ಬಾಳು, ಯಾರೂ ಬಯಸದ ಹಿಂಸೆ, ಹಲ್ಲಿಲ್ಲದ ಕಾನೂನು. ಇಷ್ಟಾಯಿತು. ಇನ್ನು ಬೇರೆ ದೇಶಗಳು ಏನು ಮಾಡಿದವು ನೋಡೋಣ.

1964ರಲ್ಲಿ ಇಂಗ್ಲೆಂಡಿನ ರೂತ್ ಹ್ಯಾರಿಸನ್ ಎಂಬ ಮಹಿಳೆ ‘ಅನಿಮಲ್ ಮಷೀನ್ಸ್’ ಎಂಬ ಪುಸ್ತಕ ಬರೆದರು. ಕಾರ್ಖಾನೆಯ ರೀತಿಯಲ್ಲಿ ಪ್ರಾಣಿ ಸಾಕುವುದನ್ನು ಅದು ಜನರ ಮುಂದಿಟ್ಟಿತು. ಜನ ಕಳವಳಗೊಂಡರು. ಸರ್ಕಾರ ಪ್ರೊಫೆಸರ್ ಬ್ರ್ಯಾಂಬೆಲ್ ಅವರ ಸಮಿತಿಯನ್ನು ನೇಮಿಸಿತು. 1965ರಲ್ಲಿ ಆ ಸಮಿತಿ ಕೇಳಿದ್ದು ಬಹಳ ಸಣ್ಣ ವಿಷಯ. ಪ್ರಾಣಿಗೆ ಎದ್ದು ನಿಲ್ಲಲು, ಮಲಗಲು, ಸುತ್ತ ತಿರುಗಲು, ಮೈ ನೇವರಿಸಿಕೊಳ್ಳಲು, ಕೈಕಾಲು ಚಾಚಲು ಆಗಬೇಕು. ಅಷ್ಟೇ. ಮುಂದೆ ಇದೇ ಬೆಳೆದು ಐದು ಸ್ವಾತಂತ್ರ್ಯಗಳು ಎಂದು ಹೆಸರಾಯಿತು. ಹಸಿವು ಬಾಯಾರಿಕೆ ಇರಬಾರದು. ಇರುವ ತಾವು ಹಿಂಸೆಯಾಗಬಾರದು. ನೋವು, ಗಾಯ, ರೋಗ ಇರಬಾರದು. ತನ್ನ ಸಹಜ ನಡವಳಿಕೆಗೆ ಅವಕಾಶವಿರಬೇಕು. ಅಂಜಿಕೆ ಇರಬಾರದು.

ಯುರೋಪಿಯನ್ ಒಕ್ಕೂಟ 1999ರಲ್ಲಿ ಬರಿಯ ತಂತಿ ಪಂಜರಗಳನ್ನು ನಿಲ್ಲಿಸುವ ನಿರ್ಧಾರ ಮಾಡಿತು. ಜಾರಿಗೆ ಬಂದದ್ದು 2012ರ ಜನವರಿಯಲ್ಲಿ. ನಡುವೆ ಸುಮಾರು ಹನ್ನೆರಡು ವರ್ಷ. ಈ ಗಡುವು ಮುಖ್ಯ. ಹಾಕಿದ ಬಂಡವಾಳ ತೀರಿಸಿಕೊಳ್ಳಲು ರೈತನಿಗೆ ಕಾಲ ಸಿಕ್ಕಿತು. ಪಂಜರ ಅಲ್ಲಿಯೂ ಪೂರ್ತಿ ಹೋಗಿಲ್ಲ. ಆದರೆ ಉಳಿದ ಪಂಜರ ದೊಡ್ಡದು. ಒಳಗೆ ಕೂರಲು ಕೋಲು, ಮೊಟ್ಟೆಯಿಡಲು ಮರೆ, ಕೆದರಲು ಹಾಸು ಇರಲೇಬೇಕು. ಅಲ್ಲಿ ಮೊಟ್ಟೆಯ ಮೇಲೆ ಒಂದು ಅಂಕಿ ಒತ್ತಿರುತ್ತಾರೆ. ಸೊನ್ನೆ ಎಂದರೆ ಸಾವಯವ, ಒಂದು ಎಂದರೆ ಹೊರಗೆ ಬಿಟ್ಟು ಸಾಕಿದ್ದು, ಎರಡು ಎಂದರೆ ಕೊಟ್ಟಿಗೆಯಲ್ಲಿ ಸಡಿಲವಾಗಿ ಬಿಟ್ಟದ್ದು, ಮೂರು ಎಂದರೆ ಪಂಜರದ್ದು. ಕೊಳ್ಳುವವರಿಗೆ ತಿಳಿದುಹೋಗುತ್ತದೆ. ಗಂಡುಮರಿ ಕೊಲ್ಲುವುದನ್ನು ಜರ್ಮನಿ 2022ರಿಂದ ನಿಷೇಧಿಸಿತು. ಮೊಟ್ಟೆಯೊಳಗಿರುವಾಗಲೇ ಗಂಡೋ ಹೆಣ್ಣೋ ತಿಳಿಯುವ ವಿಧಾನಗಳು ಈಗ ಬಂದಿವೆ.

ಹೊರದೇಶಗಳ ಮಾತು ಸಾಕು. ನಿಮ್ಮ ಮನಸ್ಸಿನಲ್ಲಿ ಈಗ ಏಳಬಹುದಾದ ಎರಡು ಆಕ್ಷೇಪಗಳಿಗೆ ಬರುತ್ತೇನೆ.

ಪಂಜರ ಬಿಟ್ಟರೆ ಬೆಲೆ ಏರುವುದಿಲ್ಲವೆ ಎಂಬುದು ಮೊದಲನೆಯದು. ಏರುತ್ತದೆ. ಜಾಗ ಹೆಚ್ಚು ಬೇಕು, ಆಳು ಹೆಚ್ಚು ಬೇಕು. ಇದನ್ನು ಮರೆಮಾಚಬಾರದು. ಆದರೆ ಏರಿದ ಬೆಲೆಯನ್ನು ಹೊರಬೇಕಾದವರು ಬಡಮಕ್ಕಳಲ್ಲ, ಸಾಲದಲ್ಲಿರುವ ರೈತರೂ ಅಲ್ಲ. ಕೊಡುವ ಶಕ್ತಿ ಇರುವ ನಾವು ಹೊರಬೇಕು, ಸರ್ಕಾರ ಹೊರಬೇಕು. ಇವತ್ತಿನ ಅಗ್ಗದ ಬೆಲೆಯಲ್ಲಿ ಕೋಳಿಯ ಮುರಿದ ಎಲುಬಿನ ಲೆಕ್ಕ ಸೇರಿಲ್ಲ. ಅದನ್ನು ಕೋಳಿಯೇ ತೆರುತ್ತಿದೆ.

ಎರಡನೆಯದು, ಬಿಟ್ಟು ಸಾಕಿದರೆ ರೋಗ, ಕುಕ್ಕಾಟ ಹೆಚ್ಚಾಗುವುದಿಲ್ಲವೆ ಎಂಬುದು. ನೋಡಿಕೊಳ್ಳುವುದು ಬಾರದಿದ್ದರೆ ಹೆಚ್ಚಾಗುತ್ತದೆ. ಹಾಸು ಒದ್ದೆಯಾದರೆ ಕಾಯಿಲೆ ಬರುತ್ತದೆ. ಗುಂಪು ಅತಿ ದೊಡ್ಡದಾದರೆ ಒಂದನ್ನೊಂದು ಕೊಲ್ಲುವುದೂ ಉಂಟು. ಆದ್ದರಿಂದ ಪಂಜರದ ಬಾಗಿಲು ತೆಗೆದರೆ ಕೆಲಸ ಮುಗಿಯಲಿಲ್ಲ. ತಕ್ಕ ತಳಿ, ತಕ್ಕ ಶೆಡ್ಡು, ತಕ್ಕ ತರಬೇತಿ ಬೇಕು. ಬಾಗಿಲ ಆಚೆಯ ಸಮಸ್ಯೆಗಳಿಗೆ ಶ್ರಮಪಟ್ಟರೆ ಪರಿಹಾರವುಂಟು. ಗೇಣಗಲದ ಜಾಗದ ಸಮಸ್ಯೆಗೆ ಎಷ್ಟು ಶ್ರಮಪಟ್ಟರೂ ಪರಿಹಾರವಿಲ್ಲ.

ತಕ್ಕ ತಳಿಯ ವಿಷಯದಲ್ಲಿ ನಮ್ಮ ರಾಜ್ಯದ್ದು ಬರಿಗೈಯಲ್ಲ. ಗಿರಿರಾಜ ಕೋಳಿಯ ಹೆಸರು ನಿಮಗೆ ಗೊತ್ತು. ಬೆಂಗಳೂರಿನ ಹೆಬ್ಬಾಳದ ವಿಜ್ಞಾನಿಗಳು ಹಿತ್ತಿಲಿಗೆಂದೇ ರೂಪಿಸಿದ ತಳಿ ಅದು. ಆಮೇಲೆ ಸ್ವರ್ಣಧಾರಾ ಬಂತು. ಅದು ವರ್ಷಕ್ಕೆ 180ರ ಸುಮಾರಿಗೆ ಮೊಟ್ಟೆ ಇಡುತ್ತದೆ. ಬಯಲಲ್ಲಿ ಓಡಾಡಿಕೊಂಡು, ಮನೆಯ ಚೆಲ್ಲು ಕಾಳು ತಿಂದು ಬದುಕುತ್ತದೆ. ಪಂಜರದ 300ಕ್ಕೆ ಇದು ಸಮವಲ್ಲ. ಆದರೆ ಅದರ ಮೊಟ್ಟೆಯ ದುಡ್ಡು ಹಳ್ಳಿಯ ಹೆಣ್ಣುಮಕ್ಕಳ ಸೆರಗಿಗೆ ಬರುತ್ತದೆ.

ಕೊನೆಯದಾಗಿ, ನಾವು ಮಾಡಬಹುದಾದದ್ದನ್ನು ನಾಲ್ಕು ಮಾತಿನಲ್ಲಿ ಹೇಳಿ ಮುಗಿಸುತ್ತೇನೆ. ಮೊದಲ ಮೂರು ಸರ್ಕಾರಕ್ಕೆ.

ಒಂದು, ಇನ್ನು ಮುಂದೆ ಕಟ್ಟುವ ಹೊಸ ಶೆಡ್ಡಿಗೆ ಬ್ಯಾಟರಿ ಪಂಜರ ಬೇಡ. ಹಳೆಯವುಗಳಿಗೆ ಹತ್ತು ಹನ್ನೆರಡು ವರ್ಷದ ಗಡುವು ಕೊಡಿ. ಬದಲಾಗುವ ರೈತನಿಗೆ ಕಡಿಮೆ ಬಡ್ಡಿಯ ಸಾಲ ಕೊಡಿ. ಗಡುವಿಲ್ಲದ ನಿಯಮ ಕಾಗದದಲ್ಲೇ ಉಳಿಯುತ್ತದೆ. ಸಾಲವಿಲ್ಲದ ಗಡುವು ರೈತನನ್ನು ಮುಳುಗಿಸುತ್ತದೆ.

ಎರಡು, ಶಾಲೆಗಳಿಗೆ ಕೊಳ್ಳುವ ಮೊಟ್ಟೆಯಲ್ಲಿ ಒಂದು ಪಾಲನ್ನು ಆಯಾ ಊರಿನ ಸ್ತ್ರೀಶಕ್ತಿ ಸಂಘಗಳಿಂದ, ಬಿಟ್ಟು ಸಾಕಿದ ಕೋಳಿಗಳಿಂದ ಕೊಳ್ಳಿ. ಹೆಚ್ಚಿನ ಬೆಲೆಯನ್ನು ಸರ್ಕಾರ ತುಂಬಲಿ. ಮಗುವಿನ ತಟ್ಟೆಯಲ್ಲಿ ಒಂದು ಮೊಟ್ಟೆಯೂ ಕಡಿಮೆಯಾಗಬಾರದು.

ಮೂರು, ಮೊಟ್ಟೆ ಹೇಗೆ ಸಾಕಿದ ಕೋಳಿಯದು ಎಂಬುದನ್ನು ಟ್ರೇ ಮೇಲೆ, ಡಬ್ಬಿಯ ಮೇಲೆ ಕನ್ನಡದಲ್ಲಿ ಬರೆಸಿ. ತಿಳಿಯದೆ ಆರಿಸುವುದು ಆಯ್ಕೆಯೇ ಅಲ್ಲ.

ನಾಲ್ಕನೆಯದು ನಿಮಗೆ. ನಾಳೆ ಅಂಗಡಿಗೆ ಹೋದಾಗ ಕೇಳಿ, ಈ ಮೊಟ್ಟೆ ಎಲ್ಲಿಯದು, ಆ ಕೋಳಿಗೆ ಓಡಾಡಲು ಜಾಗವಿದೆಯೆ ಎಂದು. ಉತ್ತರ ಸಿಗದಿರಬಹುದು. ಕೇಳುವವರು ಹೆಚ್ಚಾದರೆ ಅಂಗಡಿಯವರು ವ್ಯಾಪಾರಿಯನ್ನು ಕೇಳುತ್ತಾರೆ, ವ್ಯಾಪಾರಿ ಫಾರಮ್ಮನ್ನು ಕೇಳುತ್ತಾನೆ. ಶಕ್ತಿಯಿದ್ದರೆ ಒಂದೆರಡು ರೂಪಾಯಿ ಹೆಚ್ಚು ಕೊಟ್ಟು ಬಿಟ್ಟು ಸಾಕಿದ ಕೋಳಿಯ ಮೊಟ್ಟೆ ಕೊಳ್ಳಿ. ಇಲ್ಲದಿದ್ದರೆ ಸಂಕೋಚ ಬೇಡ. ನಿಮ್ಮ ಶಾಸಕರಿಗೆ ಒಂದು ಕಾಗದ ಬರೆಯಿರಿ.

ಮೊಟ್ಟೆ ಮಗುವಿನ ಹಕ್ಕು. ನ್ಯಾಯವಾದ ಬೆಲೆ ರೈತನ ಹಕ್ಕು. ರೆಕ್ಕೆ ಬಿಚ್ಚುವಷ್ಟು ಜಾಗ ಕೋಳಿಯ ಹಕ್ಕು. ಈ ಮೂರರಲ್ಲಿ ಒಂದನ್ನು ಕೊಡಲು ಇನ್ನೊಂದನ್ನು ಕಸಿಯಬೇಕಾಗಿಲ್ಲ. ಮೂರನ್ನೂ ಕೊಡುವುದು ನಮ್ಮಿಂದ ಆಗುವ ಕೆಲಸ. ಆಗುವುದನ್ನು ಮಾಡದೆ ಬಿಡುವುದು ತಪ್ಪು.